ವಾಟ್ಸಾಪ್‌ನ್ಯಾಗಿನ ವ್ಯವಹಾರ ಕೋರ್ಟಿನ್ಯಾಗ ನಿಲ್ಲಬೇಕಂದ್ರ ಏನ್ ಮಾಡಬೇಕ್ರಿ?

ಕೇಳಿದವರು, ಹಾವೇರಿ ಜಿಲ್ಲೆ:
ಬ್ಯಾಡಗಿ ಮಾರ್ಕೆಟ್ಟಿನಿಂದ ಹೊರ ರಾಜ್ಯದ ಒಂದು ಕಂಪನಿಗೆ ಮೆಣಸಿನಕಾಯಿ ಕಳಿಸಿದ್ವಿ. ದರ, ಚೀಲದ ಲೆಕ್ಕ, ಮಾಲು ಮುಟ್ಟಿದ್ದು ಎಲ್ಲಾ ವಾಟ್ಸಾಪ್‌ನ್ಯಾಗ ಐತಿ. ಒಂಬತ್ತು ಲಕ್ಷ ಬಾಕಿ. ಈಗ "ಆ ಮೆಸೇಜ್ ನಮ್ಮವಲ್ಲ" ಅಂತಾರ. ಸ್ಕ್ರೀನ್‌ಶಾಟ್ ಪ್ರಿಂಟ್ ಹಚ್ಚಿ ದಾವಾ ಹಾಕಿದ್ರ ನಡೀತೈತೇನ್ರಿ? ಅನುಭವ ಇದ್ದವ್ರು ಹೇಳ್ರಿ.

ಧಾರವಾಡದ ವಕೀಲರು:
ಬರೀ ಪ್ರಿಂಟು ಸಾಲದು. ಮೂಲ ದಾಖಲೆ ಇರುವುದು ನಿಮ್ಮ ಫೋನಿನಲ್ಲಿ, ಪ್ರಿಂಟು ಅದರ ನಕಲು. ನಕಲು ಕೊಡುವುದಾದರೆ, ಅದು ಯಾವ ಸಾಧನದಿಂದ ಹೇಗೆ ತೆಗೆದದ್ದು ಅಂತ ತಿಳಿಸುವ ಪ್ರಮಾಣಪತ್ರ ಕಡ್ಡಾಯ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿದೆ. ಫೋನಿನ ಮಾಲೀಕರೇ ಸಾಕ್ಷಿಕಟ್ಟೆಗೆ ಬಂದು ಆ ಫೋನನ್ನೇ ಹಾಜರುಪಡಿಸಿದರೆ ಪ್ರಮಾಣಪತ್ರ ಬೇಡ. ಆದರೆ ದಿನಾ ವ್ಯಾಪಾರ ಮಾಡುವ ಫೋನನ್ನು ಕೋರ್ಟಿಗೆ ಒಪ್ಪಿಸಿ ಕೂರುವುದು ಯಾರಿಗೂ ಆಗುವ ಕೆಲಸವಲ್ಲ, ಪ್ರಮಾಣಪತ್ರವನ್ನೇ ಮಾಡಿಸಿ.

ಮೊದಲು ಈ ಪ್ರಮಾಣಪತ್ರ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿದೆ. ನಮೂನೆಯ ಎ ಭಾಗಕ್ಕೆ ನಿಮ್ಮ ಸಹಿ, ಬಿ ಭಾಗಕ್ಕೆ ತಜ್ಞರ ಸಹಿ. ಜೊತೆಗೆ ಫೈಲಿನ ಹ್ಯಾಶ್ ವ್ಯಾಲ್ಯೂ, ಅಂದರೆ ಫೈಲಿನಲ್ಲಿ ಇರುವುದರಿಂದ ಕಂಪ್ಯೂಟರು ಲೆಕ್ಕ ಹಾಕುವ ಗುರುತಿನ ಸಂಖ್ಯೆ, ಬರೆಯಬೇಕು. ಒಳಗೆ ಒಂದು ಅಕ್ಷರ ತಿದ್ದಿದರೂ ಆ ಸಂಖ್ಯೆ ಪೂರಾ ಬದಲಾಗುತ್ತದೆ. ಹಾಗಾಗಿ ಚಾಟ್ ಎಕ್ಸ್‌ಪೋರ್ಟ್ ಮಾಡಿದ ಮೇಲೆ ಆ ಫೈಲಿಗೆ ಕೈ ಹಚ್ಚಲೇಬೇಡಿ. ಬೇಡದ ಮಾತು ತೆಗೆಯೋಣ ಅಂತ ಕೆಲವರು ಹೊರಡುತ್ತಾರೆ, ಕೇಸು ಕೆಡುವುದು ಅಲ್ಲೇ.

ಮೂರು ಲಕ್ಷ ಮೀರಿದ ವ್ಯಾಪಾರದ ತಂಟೆ ಕಮರ್ಷಿಯಲ್ ಕೋರ್ಟ್ ಕಾಯ್ದೆಗೆ ಬರುತ್ತದೆ. ತುರ್ತು ಆದೇಶ ಕೇಳದಿದ್ದರೆ ಮೊದಲು ಮಧ್ಯಸ್ಥಿಕೆ ಆಗಬೇಕು. ನಿಮಗೆ ದೊಡ್ಡ ಅನುಕೂಲ ಇರುವುದು, ಈ ಕಾಯ್ದೆ ವ್ಯಾಪಾರದ ದಾವೆಗಳಿಗಾಗಿ ಬದಲಿಸಿದ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 11ರಲ್ಲಿ. ಪ್ರತಿವಾದಿ ತನ್ನ ಕೈಯಲ್ಲಿರುವ ದಾಖಲೆಗಳನ್ನೆಲ್ಲ ಪಟ್ಟಿ ಮಾಡಿ ಕೊಡಬೇಕು, ತನಗೆ ತಿರುಗಿ ಬೀಳುವಂಥವನ್ನೂ ಸೇರಿಸಿ. ಅವರ ಈಮೇಲು, ಗೋದಾಮಿನ ಲೆಕ್ಕ ಇಂಥವೇ ಬೇಕು ಅಂತ ನೋಟಿಸು ಕೊಡಿ. ಸರಿಯಾದ ಕಾರಣ ಇಲ್ಲದೆ ಕೊಡದಿದ್ದರೆ ನ್ಯಾಯಾಲಯ ಅದನ್ನು ಅವರ ವಿರುದ್ಧವೇ ಎಣಿಸಬಹುದು. ನಿಮ್ಮ ದಾಖಲೆಗಳೂ ಅಷ್ಟೇ, ದಾವೆಯ ಜೊತೆಗೇ ಹೋಗಬೇಕು. ಆಮೇಲೆ ತಂದರೆ ಅನುಮತಿಗೆ ಒದ್ದಾಡಬೇಕಾಗುತ್ತದೆ.

ಹುಬ್ಬಳ್ಳಿ ಅಮರಗೋಳದ ವ್ಯಾಪಾರಸ್ಥರು:
ವಕೀಲ ಸಾಹೇಬ್ರು ಹೇಳಿದ್ದು ಖರೆ ಐತ್ರಿ. ನಮ್ಮ ಕೇಸಿನ್ಯಾಗ ಪಾಟೀ ಸವಾಲು ಪೂರಾ ಒಂದ ಮಾತಿನ ಮ್ಯಾಲ ನಡೀತು: "ಈ ಹೆಸರು ನೀವ ಸೇವ್ ಮಾಡಿದ್ದಲ್ರೀ? ಯಾರ ನಂಬರಿಗರೆ ಯಾವ ಹೆಸರರೆ ಹಾಕಬಹುದಲ್ರೀ?" ಸ್ಕ್ರೀನ್‌ಶಾಟಿನ್ಯಾಗೂ ಎಕ್ಸ್‌ಪೋರ್ಟ್ ಫೈಲಿನ್ಯಾಗೂ ಕಾಣೂದು ನಾವು ಸೇವ್ ಮಾಡಿದ ಹೆಸರ, ನಂಬರ್ ಕಾಣೂದಿಲ್ಲ. ನಮ್ಮ ವಕೀಲ್ರು ಆ ಕಾಂಟ್ಯಾಕ್ಟಿನ ನಂಬರ್ ಕಾಣೋ ಪುಟಾನೂ ಹಾಜರ್ ಮಾಡಿದ್ರು. ಅದ ನಂಬರ್ ಅವರ ಬಿಲ್ಲಿನ ತಲಿ ಮ್ಯಾಲ ಅಚ್ಚಾಗಿತ್ತು! ಅಲ್ಲಿಗೆ ಆ ಮಾತು ಮುಗೀತು.

ನೀವೂ ಹಂಗ ಮಾಡ್ರಿ. ಮೆಸೇಜಿನ ತಾರೀಖಿಗೆ ಇ-ವೇ ಬಿಲ್, ಲಾರಿ ಬಿಲ್ಟಿ, ಬ್ಯಾಂಕಿಗೆ ಬಂದ ಮುಂಗಡ ಒಂದಕ್ಕೊಂದು ಹೊಂದಿಸಿ ಇಡ್ರಿ. ಕೇಸು ಮುಗಿಯೂತನಕ ಫೋನ್ ಮಾರಬ್ಯಾಡ್ರಿ, ಎಕ್ಸ್‌ಚೇಂಜಿಗೆ ಕೊಡಬ್ಯಾಡ್ರಿ. ಡಿಸ್‌ಪ್ಲೇ ಹೋತಂದ್ರ ಡಿಸ್‌ಪ್ಲೇ ಅಷ್ಟ ಹಾಕಸ್ರಿ, ಅಂಗಡ್ಯಾಂವ ರೀಸೆಟ್ ಮಾಡ್ತೇನಿ ಅಂದ್ರ ಫೋನ್ ಕಸಗೊಂಡು ಬರ್ರಿ. ಇನ್ನೊಂದು, ತಾನ ಅಳಿಸಿ ಹೋಗೋ ಮೆಸೇಜಿನ ಸೆಟ್ಟಿಂಗ್ ಆ ಕಡ್ಯಾವರೂ ಹಚ್ಚಬಹುದು. ಹಳೇ ಮೆಸೇಜಿಗೆ ಏನೂ ಆಗೂದಿಲ್ಲ, ಆದ್ರ ಮುಂದಿನ ಮಾತುಕತಿ ಉಳಿಯೂದಿಲ್ಲ. ಇವತ್ತ ನೋಡ್ರಿ.

ಗದಗಿನ ಲೆಕ್ಕಪತ್ರದವರು:
ಎದುರಿನವರು ಕಂಪನಿ ಅಂದ್ರಲ್ಲ, ಹಂಗಾದ್ರ ಒಂದು ದಾರಿ ಐತಿ. 2023ರ ಏಪ್ರಿಲ್ 1ರಿಂದ ಕಂಪನಿಗಳು ಲೆಕ್ಕ ಇಡೋ ಸಾಫ್ಟ್‌ವೇರಿನ್ಯಾಗ ಎಡಿಟ್ ಲಾಗ್ ಇರಲೇಬೇಕು. ಯಾವ ಎಂಟ್ರಿ ಯಾವತ್ತು ತಿದ್ದಿದ್ರು ಅನ್ನೋದು ಅದರಾಗ ಉಳೀತೈತಿ, ಬಂದ್ ಮಾಡಾಕ ಅವಕಾಶ ಇಲ್ಲ. ನಿಮ್ಮ ಮಾಲಿನ ಖರೀದಿ ಬರ್ಕೊಂಡು ಆಮೇಲೆ ತಗದಿದ್ರ ಅಲ್ಲಿ ಸಿಗತೈತಿ. ನೋಟಿಸಿನ್ಯಾಗ "ನಿಮ್ಮ ಖಾತೆ ಕೊಡ್ರಿ" ಅಂತಷ್ಟ ಬರಸಿದ್ರ ಚೊಕ್ಕ ಮಾಡಿದ ಪ್ರಿಂಟು ಕೈಗೆ ಬರತೈತಿ. ನಿಮ್ಮ ಹೆಸರಿನ ಲೆಡ್ಜರು, ಅದರ ಎಡಿಟ್ ಲಾಗ್ ಸಮೇತ, ಇಂಥ ತಾರೀಖಿನಿಂದ ಇಂಥ ತಾರೀಖಿನತನಕ ಅಂತ ಬಿಡಿಸಿ ಬರಸ್ರಿ.