ಕಿಡ್ನಿ ಕಸಿ ಆಗಿ 2 ವರ್ಷ, ತಮ್ಮ ಮಾತ್ರೆ ತಪ್ಪಿಸ್ತಿದ್ದಾನೆ, ಏನ್ ಮಾಡ್ಲಿ?

ಕಿಡ್ನಿ ಕೊಟ್ಟಿದ್ದು ನಮ್ಮಮ್ಮ. ಮೊದಲು ಗಡಿಯಾರ ನೋಡ್ಕೊಂಡು ತಗೋತಿದ್ದ, ಈಗ ಆರಾಮಾಗಿದೀನಲ್ಲ ಅಂತ ರಾತ್ರಿ ಡೋಸ್ ಬಿಡ್ತಾನೆ, ಮೊನ್ನೆ ಪ್ಯಾಂಟ್ ಒಗೆಯೋಕೆ ಹಾಕುವಾಗ ಜೇಬಲ್ಲಿ ನಾಲ್ಕು ಟ್ಯಾಕ್ರೊಲಿಮಸ್ (ದೇಹ ಹೊಸ ಕಿಡ್ನಿನ ತಿರಸ್ಕರಿಸದ ಹಾಗೆ ಕೊಡೋ ಔಷಧಿ) ಕ್ಯಾಪ್ಸುಲ್ ಸಿಕ್ತು, ಎದೆ ಧಸಕ್ ಅಂತು. ಬೈದ್ರೆ ಮಾತೇ ಬಿಡ್ತಾನೆ.

ಉತ್ತರ 1:
ಬೈಬೇಡಿ ಅಕ್ಕ, ನಂದು ಕಸಿ ಆಗಿ 9 ವರ್ಷ. ಸೋಮಾರಿತನ ಅಲ್ಲ ಅದು. ಟ್ಯಾಕ್ರೊಲಿಮಸ್‌ಗೆ ಕೈ ನಡುಗುತ್ತೆ, ನಾನು ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿತಿದ್ದೆ, ಸ್ಟೀರಾಯ್ಡಿಂದ ಮುಖ ಊದ್ಕೊಳ್ಳುತ್ತೆ, ಅದೇ ಕೆಲಸದ ಇನ್ನೊಂದು ಮಾತ್ರೆ ಮೈಕೊಫೆನೊಲೇಟ್‌ಗೆ ಹೊಟ್ಟೆ ಕೆಡುತ್ತೆ, ಮದುವೆ ಮನೇಲಿ ಎಲ್ಲರ ಮುಂದೆ ಮಾತ್ರೆ ಡಬ್ಬಿ ತೆಗೆಯೋಕೆ ಸಂಕೋಚ ಬೇರೆ. ಡೋಸ್ ಬಿಟ್ರೂ ಮೈಗೆ ಏನೂ ಅನ್ಸಲ್ಲ, ಅದೇ ಮೋಸ. ಎಷ್ಟೋ ಸಲ ರಿಜೆಕ್ಷನ್ (ದೇಹ ಕಿಡ್ನಿನ ತಿರಸ್ಕರಿಸೋದು) ಶುರುವಾಗಿದ್ರೂ ನೋವಿರಲ್ಲ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಏರಿದ್ಮೇಲೇ ಗೊತ್ತಾಗೋದು. ಇವತ್ತೇ ಡಾಕ್ಟರ್‌ಗೆ ಫೋನ್ ಮಾಡಿ, ಬಿಟ್ಟಿರೋದನ್ನ ಮುಚ್ಚಿಡಬೇಡಿ. ಬಿಟ್ಟಿದ್ದಕ್ಕೆ ಅವನೇ ಡಬಲ್ ಡೋಸ್ ತಗೊಳ್ಳೋದೂ ಬೇಡ.

ಉತ್ತರ 2:
ದುಡ್ಡಿನ ವಿಷಯಾನೂ ಮೆತ್ತಗೆ ಕೇಳಿ. ನಮ್ಮೆಜಮಾನ್ರು ತಿಂಗಳ ಕೊನೇಲಿ ಎರಡರ ಬದಲು ಒಂದೇ ತಗೊಂಡು ಎಳೀತಿದ್ರು, ಮನೇಲಿ ಯಾರಿಗೂ ಹೇಳಿರ್ಲಿಲ್ಲ, ಟೆಸ್ಟಲ್ಲಿ ರಕ್ತದಲ್ಲಿರೋ ಔಷಧಿ ಲೆವೆಲ್ ಕಡಿಮೆ ಬಂದಾಗ್ಲೇ ಬಾಯಿಬಿಟ್ಟಿದ್ದು. ಅಗ್ಗ ಅಂತ ಕಂಪನಿ ಬದಲಾಯಿಸೋದಾದ್ರೂ ಡಾಕ್ಟರನ್ನ ಕೇಳಿ, ಲೆವೆಲ್ ಏರುಪೇರಾಗುತ್ತೆ.

ಉತ್ತರ 3:
12 ಗಂಟೆಗೊಂದು ಅಲಾರಂ ಇಡಿ. ಟೆಸ್ಟ್ ದಿನ ರಕ್ತ ಕೊಟ್ಟ ಮೇಲೇ ಬೆಳಗಿನ ಡೋಸ್. ಚಕ್ಕೋತ ಕೊಡಬೇಡಿ, ದೇವನಹಳ್ಳಿದು ಎಷ್ಟೇ ಚೆನ್ನಾಗಿದ್ರೂ, ಲೆವೆಲ್ ಏರಿಸಬಹುದು.

ಪ್ರಶ್ನೆ ಕೇಳಿದವರು:
ರಾತ್ರಿ ಬೈಯದೆ ಕೂತು ಕೇಳ್ದೆ. ಕೈ ನಡುಗೋದಕ್ಕೆ ಆಫೀಸಲ್ಲಿ ಸಹಿ ಹಾಕೋಕಾಗ್ತಿಲ್ಲ ಅಂತ ಅತ್ಬಿಟ್ಟ. ಡಾಕ್ಟರ್ ನಾಳೆ ಬರೋಕೆ ಹೇಳಿದಾರೆ, ಜೊತೆಗೆ ನಾನೂ ಹೋಗ್ತಿದೀನಿ.