ಆರು ವರ್ಷದ ಮಕ್ಕಳಿಗೆ ಓಡುವ ಆಟ ಆಡಿಸೋದು ಹೇಗೆ? ಅರ್ಧ ಕ್ಲಾಸ್ ಕೂತೇ ಇರುತ್ತೆ

ಹೊಸ ವಿಸಲ್:
ದೊಡ್ಡ ಮಕ್ಕಳಿಗೆ ವಾಲಿಬಾಲ್ ಹೇಳಿಕೊಡ್ತಾ ಆರಾಮಾಗಿದ್ದವಳು ನಾನು. ಈ ವರ್ಷ ಒಂದು, ಎರಡನೇ ತರಗತಿಯ ಪಿ.ಟಿ. ಪೀರಿಯಡ್ಡೂ ನನ್ನ ತಲೆಗೇ ಬಂದಿದೆ. 32 ಮಕ್ಕಳು, 40 ನಿಮಿಷ. ನಿಯಮ ಹೇಳಿ ಮುಗಿಸೋ ಹೊತ್ತಿಗೆ ನಾಲ್ಕು ಜನ ಮಣ್ಣಲ್ಲಿ ಚಿತ್ರ ಬಿಡಿಸ್ತಿರ್ತಾರೆ, ಒಬ್ಬ ಶೂ ಬಿಚ್ಚಿ ಕಲ್ಲು ಹುಡುಕ್ತಿರ್ತಾನೆ. ಮುಟ್ಟಾಟ ಶುರು ಮಾಡಿದ್ರೆ ಎರಡೇ ನಿಮಿಷಕ್ಕೆ ಹತ್ತು ಜನ ಔಟ್. ಔಟಾದವರು ಗೋಡೆ ಪಕ್ಕ ಕೂತು ಒಬ್ಬರನ್ನೊಬ್ಬರು ಚಿವುಟ್ತಾರೆ. ನಿನ್ನೆ ಇಬ್ಬರು ಎದುರೆದುರು ಓಡಿಬಂದು ಹಣೆಗೆ ಹಣೆ ಬಡಿದುಕೊಂಡ್ರು. ಬುಗುಟು ಎದ್ದಿತು, ಅಷ್ಟೇ. ಆದ್ರೆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ಚಿಕ್ಕವರಿಗೆ ಯಾವ ಆಟ ಆಡಿಸಬೇಕು, ಹೇಗೆ ಆಡಿಸಬೇಕು, ಯಾರಾದ್ರೂ ಹೇಳ್ತೀರಾ?

ನೇರ ಸಾಲು:
ಮೇಡಂ, ಸಾಲಲ್ಲಿ ನಿಲ್ಲಿಸಿ ರಿಲೇ ಆಡಿಸಿ. ಡಿಕ್ಕಿಯ ಭಯ ಇಲ್ಲ, ಗಲಾಟೆ ಕಮ್ಮಿ, ಶಿಸ್ತೂ ಬರುತ್ತೆ. ನಾನು ವರ್ಷಾನುಗಟ್ಟಲೆ ಇದನ್ನೇ ಮಾಡಿದ್ದೀನಿ.

ಹಳೇ ಕೋನ್:
ರಿಲೇ ಬೇಡ ಸರ್, ಲೆಕ್ಕ ಹಾಕಿ ನೋಡಿ. 32 ಮಕ್ಕಳು, ನಾಲ್ಕು ಸಾಲು, ಸಾಲಿಗೆ ಎಂಟು. ಒಬ್ಬ ಓಡ್ತಾನೆ, ಏಳು ಜನ ನಿಂತಿರ್ತಾರೆ. ಎಂಟು ನಿಮಿಷ ಆಡಿಸಿದ್ರೆ ಒಂದು ಮಗುವಿನ ಪಾಲಿಗೆ ಬರೋದು ಒಂದೇ ನಿಮಿಷ. ನಿಲ್ಲೋದೇ ಶಿಸ್ತು ಅಂತಾದ್ರೆ ಅದಕ್ಕೆ ಮೈದಾನ ಯಾಕೆ?

ಮೇಡಂ, ನಾನೂ ಹತ್ತು ವರ್ಷ ಇದೇ ತಪ್ಪು ಮಾಡಿದವನು. ಒಂದು ದಿನ ಕಾಲು ಉಳುಕಿ ಕುರ್ಚಿ ಹಾಕ್ಕೊಂಡು ಕೂತಿದ್ದೆ, ನನ್ನ ಕ್ಲಾಸನ್ನ ಬೇರೆಯವರು ತಗೊಂಡಿದ್ರು. ಮಾಡೋಕೆ ಕೆಲಸ ಇಲ್ಲದೆ ಒಬ್ಬಳು ಹುಡುಗಿಯನ್ನ ಮನಸ್ಸಲ್ಲೇ ಆರಿಸಿಕೊಂಡು ಸ್ಟಾಪ್‌ವಾಚ್ ಹಿಡಿದೆ. ಅವಳು ಓಡಿದ್ರೆ ಒತ್ತೋದು, ನಿಂತ್ರೆ ಒತ್ತೋದು. ಬೆಲ್ ಹೊಡೆದಾಗ ನೋಡ್ತೀನಿ, ಐದು ನಿಮಿಷ ಚಿಲ್ಲರೆ. 40ರಲ್ಲಿ ಐದು! ಅವತ್ತಿನ ಪಾಠ ನಾನೇ ಬರೆದುಕೊಟ್ಟಿದ್ದು, ಇನ್ನೊಬ್ಬರನ್ನ ದೂರೋ ಹಾಗೂ ಇರಲಿಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದ್ರೂ ಮೈ ಬಿಸಿಯಾಗೋ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳುತ್ತೆ. ನಮ್ಮ ಪೀರಿಯಡ್ ಅದಕ್ಕೆ ಕೊಟ್ಟಿದ್ದು ಐದು.

ಔಟಾಗೋ ಆಟದಲ್ಲಿ ಮೊದಲು ಔಟಾಗೋದು ನಿಧಾನ ಓಡೋ ಮಗು. ಅಂದ್ರೆ ಓಟ ಯಾರಿಗೆ ಜಾಸ್ತಿ ಬೇಕೋ ಅವರನ್ನೇ ಕೂರಿಸ್ತೀವಿ, ಜಿಂಕೆ ಥರ ಓಡೋನಿಗೆ ಇನ್ನಷ್ಟು ಓಟ. ಹೊಟ್ಟೆ ತುಂಬಿದವನಿಗೇ ಮತ್ತೆ ಬಡಿಸಿದ ಹಾಗೆ. ಅಮೆರಿಕದ ನೀಲ್ ವಿಲಿಯಮ್ಸ್ ಅನ್ನೋ ಪ್ರಾಧ್ಯಾಪಕರು 1992ರಲ್ಲಿ, ಪಿ.ಟಿ. ಪೀರಿಯಡ್ಡಿಗೆ ನಾಚಿಕೆಗೇಡು ಅನ್ನಿಸೋ ಆಟಗಳ ಪಟ್ಟಿ ಬರೆದ್ರು. ಡಾಜ್‌ಬಾಲ್, ಮ್ಯೂಸಿಕಲ್ ಚೇರ್, ರಿಲೇ ಎಲ್ಲಾ ಅದರಲ್ಲಿತ್ತು. 1994ರ ಎರಡನೇ ಕಂತಿನಲ್ಲಿ ಮುಟ್ಟಾಟವನ್ನೂ ಸೇರಿಸಿಬಿಟ್ರು. ಅದೊಂದನ್ನ ನಾನು ಒಪ್ಪಲ್ಲ. ನಿಯಮ ಬದಲಿಸಿ ಆಡಿಸಿದ್ರೆ ಚಿಕ್ಕವರಿಗೆ ಅದಕ್ಕಿಂತ ಒಳ್ಳೇ ಆಟ ನಾನು ಕಂಡಿಲ್ಲ.

ನಿಯಮ ಹೀಗೆ ಬದಲಿಸಿ: ಮುಟ್ಟಿಸಿಕೊಂಡವರು ಕೂರೋ ಹಾಗಿಲ್ಲ. ಮೂಲೆಯಲ್ಲಿ ಒಂದು 'ರಿಪೇರಿ ಅಂಗಡಿ' ಮಾಡಿ, ನಾಲ್ಕು ಕೋನ್ ಇಟ್ರೆ ಆಯ್ತು. ಅಲ್ಲಿಗೆ ಓಡಿ ಐದು ಸಲ ಕಪ್ಪೆ ಜಿಗಿತ ಹಾಕಿ ಮತ್ತೆ ಆಟಕ್ಕೆ ಬರಬೇಕು. ಕಳ್ಳ ಒಬ್ಬನೇ ಬೇಡ, 32 ಜನಕ್ಕೆ ಐದಾರು ಕಳ್ಳರು. ಅವರ ಕೈಗೆ ಸ್ಪಂಜಿನ ಚೆಂಡು ಕೊಡಿ, ಎಸೆಯೋಕಲ್ಲ, ಮುಟ್ಟೋಕೆ. ಬರಿಗೈ ಕೊಟ್ರೆ ಮುಟ್ಟೋದು ತಳ್ಳೋದಾಗುತ್ತೆ. ಒಂದು ನಿಮಿಷಕ್ಕೊಮ್ಮೆ ಕಳ್ಳರನ್ನ ಬದಲಿಸಿ, ಇಲ್ಲಾಂದ್ರೆ ನಿಧಾನದವನೊಬ್ಬ ಕಳ್ಳನಾಗೇ ಸುಸ್ತಾಗಿ ಅಳ್ತಾನೆ.

ಡಿಕ್ಕಿ ವಿಚಾರ. ಈ ವಯಸ್ಸಿನವರು ಹಿಂದೆ ನೋಡಿಕೊಂಡು ಮುಂದೆ ಓಡ್ತಾರೆ. ಎದುರಿಂದ ಬರೋನು ಎಷ್ಟು ಬೇಗ ತಲುಪ್ತಾನೆ ಅನ್ನೋ ಅಂದಾಜು ಅವರಿಗಿನ್ನೂ ಬಂದಿರಲ್ಲ. ಅದಕ್ಕೇ ಮೊದಲ ವಾರ ಓಟವೇ ಬೇಡ, ನಡೆಯೋ ಮುಟ್ಟಾಟ. ನಗಬೇಡಿ, ಜೋರಾಗಿ ನಡೆಯೋದ್ರಲ್ಲೇ ಅವರು ಕಿರುಚಾಡಿ ಖುಷಿಪಡ್ತಾರೆ. ಗಡಿ ಗೆರೆಯನ್ನ ಗೋಡೆಯಿಂದ ಮೂರು ಮೀಟರ್ ಆದ್ರೂ ಒಳಗೆ ಎಳೀರಿ. ಗೋಡೆಯನ್ನೇ ಗಡಿ ಮಾಡಿದ್ರೆ ಅದನ್ನ ಕೈಯಿಂದ ತಡೀತಾರೆ, ಮಣಿಕಟ್ಟು ಹೋಗುತ್ತೆ.

ನಿಯಮ ಹೇಳೋದು ಮೂರೇ ವಾಕ್ಯ. 'ನಾನು ಹೋಗಿ ಅಂದ ಮೇಲೆ' ಅನ್ನೋದನ್ನ ಮೊದಲು ಹೇಳಿ, ಏನು ಮಾಡ್ಬೇಕು ಅನ್ನೋದು ಆಮೇಲೆ. ತಿರುವು ಮುರುವಾದ್ರೆ ಅರ್ಧ ವಾಕ್ಯಕ್ಕೇ ಓಡಿಬಿಡ್ತಾರೆ. ಬಿಸಿಲು ನಿಮ್ಮ ಮುಖಕ್ಕೆ ಬೀಳೋ ಹಾಗೆ ನಿಲ್ಲಿ, ಮಕ್ಕಳ ಬೆನ್ನಿಗೆ. ಕಣ್ಣು ಕಿರಿದು ಮಾಡಿಕೊಂಡ ಮಗು ನೀವು ತೋರಿಸಿದ್ದನ್ನ ನೋಡಲ್ಲ.

ನಡುನಡುವೆ ಯಾರಾದ್ರೂ ನಿಂತ್ರೆ ಗದರಬೇಡಿ. 1995ರ ಒಂದು ಅಧ್ಯಯನದಲ್ಲಿ 6ರಿಂದ 10 ವರ್ಷದವರು ಬಿರುಸಾಗಿ ಓಡಿ ಕುಣಿದ ಹೊತ್ತನ್ನೆಲ್ಲ ಅಳೆದಿದ್ರು. ನೂರಕ್ಕೆ 95 ಸಲ ಅದು 15 ಸೆಕೆಂಡ್ ಕೂಡ ದಾಟಿರಲಿಲ್ಲ. ಓಡೋದು, ನಿಲ್ಲೋದು, ಮತ್ತೆ ಓಡೋದು, ಅವರ ಮೈ ಇರೋದೇ ಹಾಗೆ. ಸೋಮಾರಿತನ ಅಲ್ಲ. ಮೈದಾನಕ್ಕೆ ಐದು ಸುತ್ತು ಹೊಡೆಸೋ ನಮ್ಮಂಥವರಿಗೆ ಇದು ತಡವಾಗಿ ಗೊತ್ತಾಯ್ತು.

ಪುಟ್ಟ ಹೆಜ್ಜೆ:
ನಾನು ಇನ್ನೂ ಚಿಕ್ಕವರನ್ನ, ಮೂರು ನಾಲ್ಕು ವರ್ಷದವರನ್ನ ನೋಡಿಕೊಳ್ಳೋದು. ಅಲ್ಲಿ ಮುಟ್ಟಾಟ ತಲೆಕೆಳಗಾಗುತ್ತೆ, ಕಳ್ಳನ ಕಡೆಗೇ ಓಡಿ ಬರ್ತಾರೆ! ಸಿಕ್ಕಿಬೀಳೋದೇ ಅವರಿಗೆ ಮಜಾ. ಅದಕ್ಕೆ ನಾನೇ ಕಳ್ಳಿ, ಇಲ್ಲಾಂದ್ರೆ ಎಲ್ಲರೂ ಸೇರಿ ನನ್ನನ್ನ ಅಟ್ಟಿಸಿಕೊಂಡು ಬರೋದು. ಹಗ್ಗ ದಾಟಿಸೋವಾಗ ಒಂದು ತುದಿ ನೆಲದಲ್ಲಿ, ಇನ್ನೊಂದು ತುದಿ ಮೊಣಕಾಲೆತ್ತರದಲ್ಲಿ ಓರೆಯಾಗಿ ಹಿಡಿಸ್ತೀನಿ, ಬಿಗಿಯಾಗಿ ಕಟ್ಟಲ್ಲ. ಎಲ್ಲಿ ದಾಟಬೇಕು ಅಂತ ಮಗುವೇ ಆರಿಸಿಕೊಳ್ಳುತ್ತೆ. ಮಸ್ಕಾ ಮಾಸ್ಟನ್ ಅನ್ನೋ ಶಿಕ್ಷಣ ತಜ್ಞರ ಉಪಾಯ ಅದು. ಇದ್ರಲ್ಲಿ ಸೋತು ಹೊರಗೆ ಕೂರೋರೇ ಇಲ್ಲ.

ಹೊಸ ವಿಸಲ್:
ಹತ್ತು ದಿನ ಆಯ್ತು, ಹೇಳಿ ಹೋಗೋಣ ಅಂತ ಬಂದೆ. ನಡೆಯೋ ಮುಟ್ಟಾಟ ಆಡಿಸಿದೆ, ಮೊನ್ನೆಯಿಂದ ಓಟ. ಒಂದೂ ಬುಗುಟಿಲ್ಲ. ನಾನೂ ಸ್ಟಾಪ್‌ವಾಚ್ ಹಿಡಿದು ಗೋಡೆ ಪಕ್ಕ ಕೂರ್ತಿದ್ದ ಹುಡುಗನನ್ನ ಅಳೆದೆ: 17 ನಿಮಿಷ. ಆದ್ರೆ ಹೊಸ ತೊಂದರೆ ಶುರುವಾಗಿದೆ. ರಿಪೇರಿ ಅಂಗಡಿಯ ಕಪ್ಪೆ ಜಿಗಿತ ಎಷ್ಟು ಇಷ್ಟ ಆಗಿದೆ ಅಂದ್ರೆ, ಬೇಕು ಬೇಕಂತಲೇ ಕಳ್ಳರ ಮುಂದೆ ಹೋಗಿ 'ನನ್ನ ಮುಟ್ಟು, ನನ್ನ ಮುಟ್ಟು' ಅಂತಾರೆ. ಓಡಿ ತಪ್ಪಿಸಿಕೊಳ್ಳೋರೇ ಇಲ್ಲ!

ಹಳೇ ಕೋನ್:
ಹಾಗಾದ್ರೆ ಅಂಗಡಿಯನ್ನ ಮೈದಾನದ ಆ ತುದಿಗೆ ಎತ್ತಿಡಿ ಮೇಡಂ. ಅಷ್ಟು ದೂರ ಓಡಿ ಹೋಗಿ ಓಡಿ ಬರಲಿ.