ಎರಡು ಕಿಟ್ ಯಾಕ್ರಿ?

ಗುಂಪು: ಡಿ.ಇಡಿ ಗೆಳೆಯರ ಬಳಗ, ಕಲಬುರಗಿ

ಶರಣು (ಆಳಂದ): [ಫಾರ್ವರ್ಡ್ ಚಿತ್ರ: "ನಿಮ್ಮ ಮಗು ನೋಡಿ ಕಲಿಯುತ್ತದೆಯೋ, ಮಾಡಿ ಕಲಿಯುತ್ತದೆಯೋ? 20 ಪ್ರಶ್ನೆಗಳಲ್ಲಿ ತಿಳಿಯಿರಿ, ತಕ್ಕ ಕಿಟ್ ಆರಿಸಿ!"]
ಬಳಗದ ರೊಕ್ಕದಾಗ ಸಾಲಿಗಿ ಭಿನ್ನರಾಶಿ ಕಿಟ್ ಕೊಡಬೇಕಂದಿದ್ದೆವಲ್ಲ, ಇದರ ಪ್ರಕಾರ ಎರಡು ನಮೂನಿ ಮಾಡಮ್ರಿ. ನೋಡಿ ಕಲಿಯೋರಿಗಿ ಚಾರ್ಟು, ಕೈಲೆ ಮಾಡೋರಿಗಿ ತುಂಡು.

ಸುಮಂಗಲಾ (ಸೇಡಂ): ಬ್ಯಾಡ ಅಣ್ಣಾ. ಮಕ್ಕಳ ಹಣಿಗಿ ಚೀಟಿ ಹಚ್ಚೋದೇ ತಪ್ಪು. ನೋಡಿ, ಕೇಳಿ, ಓದಿ, ಮಾಡಿ ಅಂತ ಕಲಿಯೋ ಶೈಲಿ ವಿಂಗಡಿಸೋ ಫ್ಲೆಮಿಂಗ್ ಅವರ ವಾರ್ಕ್ ಪ್ರಶ್ನಾವಳಿ 1987ರದ್ದು. ಅದು ಮಗುವಿಗಿ ಯಾವುದು ಇಷ್ಟ ಅಂತ ಕೇಳತದ, ಯಾವುದರಿಂದ ಹೆಚ್ಚು ಕಲೀತದ ಅಂತ ಅಳೆಯಂಗಿಲ್ಲ. 2008ರಾಗ ಪ್ಯಾಶ್ಲರ್ ಮತ್ತ ಮೂವರು ಮನಶ್ಶಾಸ್ತ್ರಜ್ಞರು ಅಲ್ಲಿತನಕ ಬಂದ ಸಂಶೋಧನೆ ಜಾಲಾಡಿದರು. ಶೈಲಿಗಿ ತಕ್ಕಂಗ ಕಲಿಸಿದ್ರ ಕಲಿಕಿ ಹೆಚ್ಚಾಗತದ ಅನ್ನಲಿಕ್ಕ ಸಾಕಷ್ಟು ಪುರಾವೆ ಸಿಗಲಿಲ್ಲ.

ಶರಣು: ಬೋರ್ಡಿನ ಮ್ಯಾಲಿಂದು ಏನೂ ತಿಳಿಯಲ್ದ ಹುಡುಗ ಕೈಯಾಗ ಸಾಮಾನು ಕೊಟ್ಟಕೂಡ್ಲೆ ಹಿಡೀತಾನಲ್ಲ, ಅದೂ ಸುಳ್ಳೇನು?

ಸುಮಂಗಲಾ: ಖರೆ ಅದ. ಆದ್ರ ಅದು ಭಿನ್ನರಾಶಿಯ ಗುಣ. ಅದೇ ಹುಡುಗಗ ಭೀಮಾ ನದಿ ಹಾದಿ ತೋರಸಬೇಕಂದ್ರ ನಕ್ಷೆ ಬೇಕು, ಅಲ್ಪಪ್ರಾಣ ಮಹಾಪ್ರಾಣಕ್ಕ ಕಿವಿ ಬೇಕು. ಕೈ, ಚಿತ್ರ, ಚಿಹ್ನೆ ಅಂತ ಮನಶ್ಶಾಸ್ತ್ರಜ್ಞ ಬ್ರೂನರ್ ಹೇಳಿದ ಮೂರು ಮೆಟ್ಟಿಲು ಎಲ್ಲಾ ಮಕ್ಕಳಿಗೂ ಅವ. ಎರಡು ಕಿಟ್ ಮಾಡಿದ್ರ ಅರ್ಧ ಮಂದಿಗಿ ಮೊದಲ ಮೆಟ್ಟಿಲಿಲ್ಲ, ಉಳಿದೋರಿಗಿ ಎರಡನೇದಿಲ್ಲ.

ರಿಯಾಜ್ (ಚಿತ್ತಾಪುರ): ಅಕ್ಕಾ, ಸಿದ್ಧಾಂತ ಸಾಕು 😀 ತುಂಡು ಗೋಲ ಮಾಡಬೇಕೊ ಉದ್ದ ಪಟ್ಟಿ ಮಾಡಬೇಕೊ ಹೇಳ್ರಿ. ರೊಟ್ಟಿ ಅಂದ್ರ ನಮ್ ಹುಡುಗ್ರಿಗಿ ಲಗೂನ ತಿಳೀತದ.

ಸುಮಂಗಲಾ: ಪಟ್ಟಿ. ಅರ್ಧ, ಕಾಲಿಗಿ ರೊಟ್ಟಿ ಛಂದ. ಮೂರು ಸಮ ಪಾಲು ಮಾಡಂದ್ರ ಮಾಸ್ತರಿಗೇ ಬರಂಗಿಲ್ಲ. 3/8 ದೊಡ್ಡದೊ 1/3 ದೊಡ್ಡದೊ ಅಂತ ಗೋಲ ತುಂಡು ನೋಡಿ ಹೇಳೋದು ಕಷ್ಟ. 24 ಸೆಂ.ಮೀ ಪಟ್ಟಿಯಾಗ ಒಂದು 9, ಇನ್ನೊಂದು 8 ಸೆಂ.ಮೀ. ಒಂದರ ಕೆಳಗ ಒಂದಿಟ್ಟರ ಮುಗೀತು.

ರಿಯಾಜ್: ಆದ್ರ ರೊಟ್ಟಿ ಒಂದು ತುಂಡು ಮುರದ್ರ ಎಷ್ಟು ಕಡಿಮಿ ಆತು ಅಂತ ತಾನೇ ಹೇಳತದ. ಪಟ್ಟಿ ತುಂಡು ಒಂಟಿ ಬಿದ್ದಿದ್ರ ಪೂರ್ಣ ಎಷ್ಟಿತ್ತು ಅಂತ ಮಗು ಮರೀತದ.

ಸುಮಂಗಲಾ: ಒಪ್ಪಿದೆ. ಅದಕ್ಕ ಅಂಚಿರೋ ತಟ್ಟಿ (ಟ್ರೇ) ಬೇಕು, ಒಳಗ 24 ಸೆಂ.ಮೀ, ಮ್ಯಾಲ 2 ಮಿ.ಮೀ ಸಡಿಲ. ತುಂಡು ಅದರಾಗೇ ಜೋಡಸಬೇಕು. ಅಗಲ 3 ಸೆಂ.ಮೀ. 24 ಯಾಕಂದ್ರ 2, 3, 4, 6, 8, 12ಕ್ಕ ಶೇಷ ಇಲ್ಲದೆ ಹೋಗತದ. ತುಂಡು 12, 8, 6, 4, 3, 2 ಸೆಂ.ಮೀ ಬರತಾವ. ಪೂರ್ಣ ಸೇರಿ ಸೆಟ್ಟಿಗಿ 36. ಇಬ್ಬರಿಗೊಂದು ಅಂದ್ರ 40 ಮಕ್ಕಳಿಗಿ 20 ಸೆಟ್, 720 ತುಂಡು.

ಮಹಾದೇವಿ (ಜೇವರ್ಗಿ): 1/5, 1/10 ಬಿಟ್ಟರಿ. ದಶಮಾಂಶಕ್ಕ?

ಸುಮಂಗಲಾ: ಅದಕ್ಕ 30 ಸೆಂ.ಮೀದು ಬ್ಯಾರೆ ಸೆಟ್.

ಮಹಾದೇವಿ: ಹುಷಾರಿ! 30ರ 1/10 ಅಂದ್ರ 3 ಸೆಂ.ಮೀ, 24ರ 1/8ನೂ 3 ಸೆಂ.ಮೀ. ಎರಡೂ ಒಂದೇ ಡಬ್ಬಿಯಾಗ ಬಿದ್ದ್ರ ಮಗು 1/8 = 1/10 ಅಂತ ಜೋಡಿಸಿ ತೋರಸತದ, ತಪ್ಪನ್ನಲಿಕ್ಕ ಬಾಯಿ ಇರಂಗಿಲ್ಲ. 30ರ ಸೆಟ್ 5 ಸೆಂ.ಮೀ ಅಗಲ ಮಾಡ್ರಿ, ಸಣ್ಣ ತಟ್ಟಿಯಾಗ ಕೂಡಲೇಬಾರದು.

ಶರಣು: ಅಳತಿಗೊಂದು ಬಣ್ಣ ಕೊಟ್ಟು ಮ್ಯಾಲ ದೊಡ್ಡದಾಗಿ 1/4, 1/8 ಬರೀಮು.

ಮಹಾದೇವಿ: ಅಲ್ಲೇ ಕೆಡತದ. ಅಂಕಿ ಕಂಡ್ರ ಮಗು ಓದತದ, ಅಳೆಯಂಗಿಲ್ಲ. ಬೆನ್ನಿಗಿ ಬರೀರಿ. ಬಣ್ಣದ ಕಥಿನೂ ಅದೇ. ವಾರದಾಗ "ಅರ್ಧ" ಹೋಗಿ "ಕೆಂಪು" ಆಗತದ, "ಎರಡು ನೀಲಿ ಕೂಡಿದ್ರ ಒಂದು ಕೆಂಪು" ಅಂತಾರ. 10 ಸೆಟ್ಟಿಗಿ ಬಣ್ಣ ಅದಲು ಬದಲು ಮಾಡ್ರಿ. ಬಾಜೂ ಜೋಡಿ ಜೊತಿ ಮಾತಾಡಬೇಕಂದ್ರ "ಅರ್ಧ" ಅನ್ನಲೇಬೇಕು. ಕೆಂಪು ಹಸಿರು ಫರಕು ಕಾಣದ ಮಕ್ಕಳೂ ಇರತಾರ, ಆ ಎರಡು ಒಂದೇ ಸೆಟ್ಟಿನಾಗ ಬ್ಯಾಡ.

ಶರಣು: ಇಷ್ಟೆಲ್ಲಾ ಮಾಡಿದ ಮ್ಯಾಲ 2/4 + 1/3 = 3/7 ಬರಿಯೋದು ಬಿಡತಾರೇನು?

ಸುಮಂಗಲಾ: ಬರೇ ತುಂಡು ಕೊಟ್ಟರ ಬಿಡಂಗಿಲ್ಲ. ಕೈ ಒಂದು ಕಡಿ, ಪೆನ್ಸಿಲ್ ಒಂದು ಕಡಿ ಆಗತದ. ಮೊದಲ 1/4ರ ಎರಡು ತುಂಡು ಇಡಬೇಕು, 12 ಸೆಂ.ಮೀ. ಬಾಜೂಕ 1/3, ಇನ್ನ 8. ಅದರ ಕೆಳಗ ಒಂದೇ ಅಳತಿ ತುಂಡು ಯಾವು ಸರಿ ಕೂಡತಾವ ಹುಡುಕಂತ ಬಿಡ್ರಿ. 1/6ರವು ಐದು ಕೂಡತಾವ. ತುಂಡು ಎತ್ತೋ ಮೊದಲೇ ಚೌಕಳಿ ನೋಟ್‌ಬುಕ್ಕಿನಾಗ 24 ಮನಿ ಪಟ್ಟಿ ಎಳದು 20 ಮನಿ ತುಂಬಬೇಕು, ಚಿತ್ರದ ಕೆಳಗೇ 2/4 + 1/3 = 5/6. ಆಗ 3/7 ಅಂದವನಿಗಿ ಕೇಳ್ರಿ: ಮೊದಲನೇದೇ ಅರ್ಧ ಅದ, 3/7 ಅರ್ಧಕ್ಕಿಂತ ಸಣ್ಣದು, ಕೂಡಿಸಿದ್ರ ಕಡಿಮಿ ಹ್ಯಾಂಗ ಆತು? ಮುಂದಿನ ಸುತ್ತಿನಾಗ ಬರೇ ಚಿತ್ರ, ಅದರ ಮುಂದ ಬರೇ ಅಂಕಿ. ತುಂಡು ತಿರುಗಿ ಇಸಗೊಳ್ಳೋದೂ ಪಾಠದಾಗೇ ಬರತದ.

ಶರಣು: ಸ್ಮಾರ್ಟ್ ಟಿವಿ ಮ್ಯಾಲ ತೋರಸಿದ್ರ ಕೊರೆಯೋ ಕೆಲಸನೇ ಉಳೀತದಲ್ಲ.

ಸುಮಂಗಲಾ: ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಅನ್ನೋ ವೆಬ್‌ಸೈಟಿನ್ಯಾಗ ಪರದೆ ಮ್ಯಾಲ ಆಡಿಸಿ ನೋಡೋ ಭಿನ್ನರಾಶಿ ಸಿಮ್ಯುಲೇಶನ್ ಪುಕ್ಕಟೆ ಅವ, ಇಳಿಸಿಕೊಂಡ್ರ ನೆಟ್ ಇಲ್ಲದೆನೂ ನಡೀತಾವ. ಆದ್ರ ಪರದೆ ಮ್ಯಾಲ ತುಂಡು ತಾನೇ ಟಕ್ ಅಂತ ಜಾಗಕ್ಕ ಕೂಡತದ, ಮಗು ಮಾಡಬೇಕಾದ ಜೋಡಣಿ ಯಂತ್ರ ಮಾಡತದ. ಕೈ ಕೆಲಸ ಆದ ಮ್ಯಾಲ ಚಿತ್ರದ ಮೆಟ್ಟಿಲಿಗಿ ಬಳಸ್ರಿ.

ರಿಯಾಜ್: ಧನ ಋಣ ಸಂಖ್ಯೆ ಕಲಿಸಲಿಕ್ಕ ಮೈ ಎಲ್ಲಾ ಆಡಬೇಕಂದ್ರ ಶಹಾಬಾದ್ ಫರ್ಶಿ ಮ್ಯಾಲ ಸಂಖ್ಯಾರೇಖೆ ಎಳೀರಿ. −10ರಿಂದ 10, ಹೆಜ್ಜಿಗಿ 40 ಸೆಂ.ಮೀ, ಒಟ್ಟು 8 ಮೀಟರ್. ಫರ್ಶಿ ಸಂದಿನೇ ಅಳತಿ ಅಂತ ಹಿಡೀಬ್ಯಾಡ್ರಿ, ಕಲ್ಲು ಸಮ ಇರಂಗಿಲ್ಲ. ಕೂಡಿಸೋದಂದ್ರ ಬಲಕ್ಕ ಮುಖ, ಕಳಿಯೋದಂದ್ರ ಎಡಕ್ಕ. ಧನ ಇದ್ದ್ರ ಮುಂದ, ಋಣ ಇದ್ದ್ರ ಹಿಂದ ಹೆಜ್ಜಿ. 3 − (−4) ಅಂದ್ರ 3ರ ಮ್ಯಾಲ ಎಡಕ್ಕ ಮುಖ ಮಾಡಿ 4 ಹೆಜ್ಜಿ ಹಿಂದಕ್ಕ. 7ಕ್ಕ ಬಂದ!

ಮಹಾದೇವಿ: ನಿಂತ ಜಾಗಾನೇ "ಒಂದು" ಅಂತ ಎಣಿಸಿ 3 + 4ಕ್ಕ 6ರ ಮ್ಯಾಲ ನಿಲ್ಲತಾರ. ಕಾಲು ಊರಿದಾಗ ಚಪ್ಪಾಳಿ ಹೊಡಸ್ರಿ, ಚಪ್ಪಾಳಿ ಎಣಿಸ್ಲಿ. ಮತ್ತ ಒಬ್ಬ ನಡೀತಾನ, 39 ಮಂದಿ ಆಕಳಸ್ತಾರ. ಕುಂತೋರು ಮೊದಲೇ ಪಾಟಿ ಮ್ಯಾಲ ಉತ್ತರ ಬರದು ಬೋರಲ ಇಟ್ಟಿರಬೇಕು. ಏಪ್ರಿಲ್‌ದಾಗ ಅಂಗಳದಾಗ ಮಾಡಬ್ಯಾಡ್ರಿ, ಬರಿಗಾಲು ಸುಡತಾವ.

ರಿಯಾಜ್: ಪಟ್ಟಿಗಿ ರಟ್ಟು ಬ್ಯಾಡ, ಮಳಿಗಾಲದಾಗ ಬಾಗತದ, ಬಣ್ಣದ ಕಾಗದ ಒಂದೇ ಕಡಿ ಹಚ್ಚಿದ್ರಂತೂ ದೋಣಿನೇ. 3 ಮಿ.ಮೀ ಸನ್‌ಬೋರ್ಡ್ (ಹಗುರ ಫೋಮ್ ಹಲಗಿ) ತರಮ್ರಿ. ಗುರುತು ಹಾಕೋವಾಗ ಪ್ರತಿ ಸಲ ಸೊನ್ನೆಯಿಂದ ಅಳೀರಿ: 2, 4, 6, 8. ಹಿಂದಿನ ತುಂಡು ಇಟ್ಟು ಮುಂದಿಂದು ಕೊರದ್ರ 1 ಮಿ.ಮೀ ತಪ್ಪು 12 ತುಂಡಿಗಿ 12 ಮಿ.ಮೀ ಆಗತದ. 12/12 ಪೂರ್ಣಕ್ಕ ಮುಟ್ಟಂಗಿಲ್ಲ, "ಕಡಿಮಿ ಬಿತ್ತು ಸರ್" ಅಂತ ಖರೇ ಹೇಳಿದ ಮಗುನೇ ಬೈಸಿಕೊಳ್ತದ.

ಸುಮಂಗಲಾ: 1/12ರವು ಸೆಟ್ಟಿಗಿ 3 ಹೆಚ್ಚಿಗಿ ಕೊರೀರಿ, ಮೊದಲ ಕಳಿಯೋವು ಅವೇ. ಸೆಟ್ ನಂಬರೂ ಬೆನ್ನಿಗಿರ್ಲಿ.

ಶರಣು: ಅಂದ್ರ ಒಂದೇ ಕಿಟ್. ನಾ ಇನ್ನೂ ಪೂರಾ ಒಪ್ಪಿಲ್ಲ. ಆ 20 ಪ್ರಶ್ನೆ ಪಾಲಕರ ಸಭೆಗಾದ್ರೂ ಇಡಮ್ರಿ.

ಸುಮಂಗಲಾ: ಅದೂ ಬ್ಯಾಡ ಅಣ್ಣಾ. "ನಮ್ ಹುಡುಗ ಮಾಡಿ ಕಲಿಯೋವ, ಓದೋವಲ್ಲ" ಅಂತ ಮನಿಯಾಗ ಪುಸ್ತಕ ಮುಚ್ಚಿ ಇಡತಾರ.

ರಿಯಾಜ್: ರವಿವಾರ ಕೊರೆಯಮ್ರಿ. ಸ್ಟೀಲ್ ಸ್ಕೇಲ್ ಎರಡು, ಕಟರ್ ಬ್ಲೇಡ್ 10 ಬೇಕು. ಪ್ಲಾಸ್ಟಿಕ್ ಸ್ಕೇಲ್ ತರಬ್ಯಾಡ್ರಿ, ಬ್ಲೇಡ್ ಅದನ್ನೇ ಕೊರೀತದ.

ಶರಣು: ಬ್ಲೇಡ್ ನಂದು 👍